ಒಂದೇ ಶರೀರದಲ್ಲಿ ಅನೇಕ ವ್ಯಾಧಿಗಳು

ಮನೆಯವರೆಲ್ಲರೂ ಕೂಡಿ ಓದತಕ್ಕ ಪಾಠ



ಒಂದು ವ್ಯಾಧಿಯು ಬರುವದು, ಔಷಧದಿಂದ ವಾಸಿಯಾಗುವದು, ಬಳಿಕ ಮರೆತುಹೋಗುವದು. ಚಳಿಜ್ವರವೂ ಕಣ್ಣುಬೇನೆಯೂ ಹೀಗೆ ಬಂದು ಹೋಗುವಂಥವುಗಳು. ಆದರೆ ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ನಾವು ಮನೆಮನೆಗೆ ಹೋಗುವಾಗ ಬೇರೊಂದು ವಿಧದ ರೋಗಿಗಳನ್ನು ಈಗ ಬಹಳವಾಗಿ ಕಾಣುತ್ತೇವೆ. ಅವರ ಶರೀರದಲ್ಲಿ ಮೂರು ನಾಲ್ಕು ವ್ಯಾಧಿಗಳು ಒಟ್ಟಾಗಿ ನೆಲೆಸಿರುತ್ತವೆ, ಮತ್ತು ಅವುಗಳಲ್ಲಿ ಒಂದಾದರೂ ಪೂರ್ಣವಾಗಿ ಬಿಟ್ಟುಹೋಗತಕ್ಕದ್ದಲ್ಲ. ಸಕ್ಕರೆ ರೋಗಕ್ಕೆ ಒಬ್ಬ ವೈದ್ಯರು, ರಕ್ತದ ಒತ್ತಡಕ್ಕೆ ಮತ್ತೊಬ್ಬರು, ಮೊಣಕಾಲು ನೋವಿಗೆ ಊರಲ್ಲಿಯೇ ಸೂಜಿ ಹಾಕುವವರು, ಹೀಗೆ ಅವರ ದಿನಗಳು ಬಸ್‌ನಿಲ್ದಾಣಕ್ಕೂ ಆಸ್ಪತ್ರೆಯ ಸಾಲಿಗೂ ಮನೆಯ ಮಂಚಕ್ಕೂ ಹಂಚಿಹೋಗುತ್ತವೆ. ಇಂಥವರು ಹೇಗೆ ಬಾಳಬೇಕು, ಮನೆಯವರು ಅವರನ್ನು ಹೇಗೆ ನೋಡಿಕೊಳ್ಳಬೇಕು ಎಂಬದೇ ಈ ತಿಂಗಳಿನ ಪಾಠವು.

1. ಇವು ಎಂಥ ವ್ಯಾಧಿಗಳು?

ಮೊದಲು ಲೆಕ್ಕವನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಎಲ್ಲಾ ರಾಜ್ಯಗಳಲ್ಲಿ ನಡಿಸಿದ ಪರೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ರೋಗವುಂಟು. ಪ್ರಾಯಕ್ಕೆ ಬಂದವರಲ್ಲಿ ನೂರಕ್ಕೆ 35 ಮಂದಿಗೆ ರಕ್ತದ ಒತ್ತಡವು ಹೆಚ್ಚಾಗಿದೆ. ಇದು ಪಟ್ಟಣದ ಐಶ್ವರ್ಯವಂತರ ರೋಗವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಗದ್ದೆಯಲ್ಲಿ ನಾಟಿ ಮಾಡುವವರಲ್ಲಿಯೂ ಮೆಣಸಿನಕಾಯಿ ಬಿಡಿಸುವವರಲ್ಲಿಯೂ ಅದು ಕಂಡುಬರುತ್ತದೆ.

ಇಂಥ ರೋಗಿಯನ್ನು ಕಂಡವರು, "ಇದು ಯಾವಾಗ ವಾಸಿಯಾಗುವದು?" ಎಂದು ಕೇಳುತ್ತಾರೆ. ಈ ಪ್ರಶ್ನೆಯೇ ಅನೇಕರನ್ನು ದಾರಿ ತಪ್ಪಿಸಿದೆ. ಒಂದು ತಿಂಗಳು ಗುಳಿಗೆ ನುಂಗಿ, ವಾಸಿಯಾಗಲಿಲ್ಲವೆಂದು ಬಿಟ್ಟವರುಂಟು. ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿದೆಯೆಂದು ತಿಳಿದ ಕೂಡಲೆ, ವಾಸಿಯಾಯಿತೆಂದು ಬಿಟ್ಟವರೂ ಉಂಟು. ಹೊಲದಲ್ಲಿ ಒಂದು ಸಾರಿ ಕಳೆ ತೆಗೆದ ರೈತನು ಇನ್ನು ಮುಂದೆ ಕಳೆ ಬಾರದೆಂದು ಸುಮ್ಮನೆ ಕೂರುವನೋ? ಪ್ರತಿ ಬೆಳೆಯಲ್ಲಿಯೂ ಕಳೆ ತೆಗೆಯುತ್ತಾನೆ. ತೆಗೆಯುವದರಿಂದಲೇ ಪೈರು ಉಳಿಯುತ್ತದೆ. ಈ ವ್ಯಾಧಿಗಳ ಔಷಧವು ಹಾಗೆಯೇ. ಪರೀಕ್ಷೆಯ ಚೀಟಿಯಲ್ಲಿ ಅಂಕಿ ಸರಿಯಾಗಿರುವದು ಔಷಧದ ಫಲವೇ ಹೊರತು, ಔಷಧ ಬೇಡವೆಂಬದರ ಗುರುತಲ್ಲ.

2. ವ್ಯಾಧಿಗಳು ಒಂದಕ್ಕೊಂದು ಹೇಗೆ ಸೇರಿಕೊಳ್ಳುತ್ತವೆ?

ಮನುಷ್ಯನ ಬೆನ್ನಿನ ಎರಡು ಪಕ್ಕದಲ್ಲಿಯೂ ಮೂತ್ರಪಿಂಡಗಳುಂಟು. ಜನರು ಇವನ್ನು ಕಿಡ್ನಿ ಎನ್ನುತ್ತಾರೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ. ಇವೆಲ್ಲಾ ಕೂಡಿ ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದದ್ದನ್ನು ಹಿಂದಕ್ಕೆ ಸೇರಿಸಿ, ಬೇಡವಾದದ್ದನ್ನು ಮಾತ್ರ ಒಂದೆರಡು ಲೀಟರು ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ಸಕ್ಕರೆ ರೋಗವು ಬಹು ವರುಷ ಅಂಕೆಯಿಲ್ಲದೆ ಇದ್ದರೆ ಈ ಜರಡಿಗಳು ಕೆಡುತ್ತವೆ. ರಕ್ತದ ಒತ್ತಡವು ಹೆಚ್ಚಾದರೂ ಅವು ಕೆಡುತ್ತವೆ. ಕೆಟ್ಟ ಜರಡಿಯು ತಿರಿಗಿ ರಕ್ತದ ಒತ್ತಡವನ್ನೇ ಏರಿಸುತ್ತದೆ. ಹೀಗೆ ಒಂದು ರೋಗವು ಮತ್ತೊಂದಕ್ಕೆ ಬಾಗಲು ತೆರೆಯುತ್ತದೆ. ಅದೇ ಸಕ್ಕರೆಯು ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳನ್ನೂ ಪಾದದ ನರಗಳನ್ನೂ ಹೃದಯವನ್ನೂ ಮುಟ್ಟುತ್ತದೆ. ಕ್ಷಯರೋಗವು ಸಹ ಸಕ್ಕರೆ ರೋಗವಿರುವವರಿಗೆ ಇತರರಿಗಿಂತ ಎರಡು ಮೂರು ಪಾಲು ಹೆಚ್ಚಾಗಿ ಅಂಟುತ್ತದೆ.

ಇದರಲ್ಲಿ ಭಯಂಕರವಾದದ್ದೇನಂದರೆ, ಮೂತ್ರಪಿಂಡವು ಮುಕ್ಕಾಲು ಭಾಗ ಕೆಡುವ ವರೆಗೂ ನೋವಾಗಲಿ ಗುರುತಾಗಲಿ ಕಾಣಿಸದೆ ಇರಬಹುದು. ಆದಕಾರಣ ಸಕ್ಕರೆ ಅಥವಾ ಒತ್ತಡವಿರುವ ಪ್ರತಿಯೊಬ್ಬರೂ ವರುಷಕ್ಕೆ ಒಂದು ಸಾರಿಯಾದರೂ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಎರಡು ಪರೀಕ್ಷೆಗಳನ್ನೂ, ಕಣ್ಣು ಪಾದಗಳ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

3. ಔಷಧಗಳು ಒಂದಕ್ಕೊಂದು ಹೇಗೆ ತೊಡಕಾಗುತ್ತವೆ?

ಈ ಪಾಠದ ಮುಖ್ಯ ಮಾತು ಇದೇ, ಚೆನ್ನಾಗಿ ಗಮನಿಸಿರಿ. ಅನೇಕ ವ್ಯಾಧಿಗಳಿರುವವನಿಗೆ ವ್ಯಾಧಿಯಿಂದ ಬರುವ ಅಪಾಯವು ಒಂದು. ಒಬ್ಬ ವೈದ್ಯರು ಕೊಟ್ಟ ಔಷಧವು ಮತ್ತೊಬ್ಬ ವೈದ್ಯರಿಗೆ ತಿಳಿಯದೆ ಇರುವದರಿಂದ ಬರುವ ಅಪಾಯವು ಇನ್ನೊಂದು.

ನಮ್ಮ ಸೀಮೆಯವರಿಗೆ ಕಾಲುವೆಯ ನೀರಿನ ಲೆಕ್ಕವನ್ನು ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದಂದಿನಿಂದ ಅದರ ನೀರಿನಿಂದಲೇ ನಾವು ಬತ್ತ ಬೆಳೆಯುತ್ತೇವೆ. ಮಡಿಯಲ್ಲಿ ನೀರು ನಿಲ್ಲಬೇಕಾದರೆ ಮೂರು ಸಂಗತಿ ಬೇಕು: ಕಾಲುವೆಯಲ್ಲಿ ನೀರಿರಬೇಕು, ಒಳಬರುವ ತೂಬು ತೆರೆದಿರಬೇಕು, ಹೊರಹೋಗುವ ತೂಬು ತಕ್ಕಮಟ್ಟಿಗೆ ಮುಚ್ಚಿರಬೇಕು. ಮೂತ್ರಪಿಂಡದ ಪ್ರತಿಯೊಂದು ಜರಡಿಗೂ ಹೀಗೆಯೇ ರಕ್ತವು ಒಳಬರುವ ಒಂದು ನಾಳವೂ ಹೊರಹೋಗುವ ಒಂದು ನಾಳವೂ ಉಂಟು; ನಡುವೆ ತಕ್ಕ ಒತ್ತಡವಿದ್ದರೆ ಮಾತ್ರ ಸೋಸುವ ಕೆಲಸವು ನಡೆಯುವದು.

ಈಗ ಅರುವತ್ತು ವರುಷದ ಒಬ್ಬ ತಾಯಿಯನ್ನು ಯೋಚಿಸೋಣ. ರಕ್ತದ ಒತ್ತಡಕ್ಕೆ ಲೋಸಾರ್ಟಾನ್ ಅಥವಾ ಎನಲಾಪ್ರಿಲ್ ಎಂಬ ಗುಳಿಗೆಯನ್ನು ಕೊಟ್ಟಿದ್ದಾರೆ. ಅದು ಒಳ್ಳೆಯ ಔಷಧವು. ಹೊರಹೋಗುವ ತೂಬನ್ನು ಸ್ವಲ್ಪ ಸಡಿಲಿಸಿ, ಬಹು ಒತ್ತಡದಿಂದ ಜರಡಿಯು ಹರಿಯದಂತೆ ಕಾಯುತ್ತದೆ. ಕಾಲು ಬಾತದ್ದಕ್ಕೆ ಮೂತ್ರವನ್ನು ಹೆಚ್ಚಿಸುವ ಗುಳಿಗೆಯನ್ನು ಕೊಟ್ಟಿದ್ದಾರೆ. ಅದೂ ಒಳ್ಳೆಯದೇ, ಆದರೆ ಕಾಲುವೆಯ ನೀರನ್ನು ಸ್ವಲ್ಪ ತಗ್ಗಿಸುತ್ತದೆ. ಹೀಗಿರಲಾಗಿ ಮೊಣಕಾಲು ನೋವು ತಾಳಲಾರದೆ ಆಕೆ ಅಂಗಡಿಯಿಂದ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಎಂಬ ನೋವಿನ ಗುಳಿಗೆಯನ್ನು ತರಿಸಿಕೊಂಡು ಹತ್ತು ದಿನ ನುಂಗುತ್ತಾಳೆ. ಈ ಗುಳಿಗೆಯು ಒಳಬರುವ ತೂಬನ್ನು ಇಕ್ಕಟ್ಟು ಮಾಡುತ್ತದೆ. ಕಾಲುವೆಯ ನೀರು ತಗ್ಗಿದೆ, ಒಳತೂಬು ಮುಚ್ಚಿದೆ, ಹೊರತೂಬು ತೆರೆದಿದೆ. ಆಗ ಮಡಿಯ ಗತಿಯೇನು? ಇದರ ಮೇಲೆ ಚೈತ್ರ ವೈಶಾಖದ ಬಿಸಿಲಿನಲ್ಲಿ ಬೆವರು ಸುರಿದರೆ, ಅಥವಾ ವಾಂತಿಭೇದಿಯಾದರೆ, ಮೊದಲೇ ಬಲಹೀನವಾದ ಮೂತ್ರಪಿಂಡವು ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಬಹುದು. ಮೂರು ಔಷಧಗಳಲ್ಲಿ ಯಾವದೂ ವಿಷವಲ್ಲ. ಮೂರೂ ಒಂದೇ ಶರೀರದಲ್ಲಿ ಕೂಡಿದವೆಂಬದು ಯಾರಿಗೂ ತಿಳಿಯಲಿಲ್ಲ, ಅದೇ ಅಪಾಯವು.

ಮತ್ತೂ ಕೆಲವು ತೊಡಕುಗಳುಂಟು. ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಿಂದ ಮಾರುತ್ತವೆ. ಇಬ್ಬರು ವೈದ್ಯರು ಎರಡು ಹೆಸರಿನಿಂದ ಬರೆದರೆ, ರೋಗಿಯು ಎರಡನ್ನೂ ನುಂಗಿ ಇಮ್ಮಡಿ ಪಾಲನ್ನು ತೆಗೆದುಕೊಳ್ಳುತ್ತಾನೆ. ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆಯ ಗುಳಿಗೆಯೂ ಇನ್ಸುಲಿನ್ ಔಷಧವೂ ಮೂತ್ರಪಿಂಡ ಬಲಹೀನವಾದವರ ಶರೀರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಆಗ ಹಳೆಯ ಪ್ರಮಾಣವೇ ಹೆಚ್ಚಾಗಿ, ಸಕ್ಕರೆಯು ಅಪಾಯಕರವಾಗಿ ಇಳಿಯುತ್ತದೆ. ಕ್ಷಯದ ಔಷಧವಾದ ರಿಫಾಂಪಿಸಿನ್ ಕೆಲವು ಸಕ್ಕರೆ ಗುಳಿಗೆಗಳ ಬಲವನ್ನು ಕುಗ್ಗಿಸುತ್ತದೆ. ಕೀಲುನೋವಿಗೆಂದು ಹೆಸರಿಲ್ಲದೆ ಕೊಡುವ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಸೇರಿರುತ್ತದೆ. ನೋವು ಒಂದೇ ದಿನದಲ್ಲಿ ಇಳಿಯುವದು, ಸಕ್ಕರೆಯು ಏರುವದು.

4. ಹಾಗಾದರೆ ಮಾಡತಕ್ಕದ್ದೇನು?

ಮೊದಲನೆಯದು, ಒಂದು ಚೀಲ. ಮನೆಯಲ್ಲಿರುವ ಎಲ್ಲಾ ಗುಳಿಗೆ, ಔಷಧ, ಮುಲಾಮು, ನಾಟಿ ಪುಡಿ, ಕಷಾಯದ ಬೇರು, ಇವೆಲ್ಲವನ್ನೂ ಒಂದೇ ಬಟ್ಟೆಯ ಚೀಲದಲ್ಲಿ ಹಾಕಿರಿ. ಯಾವ ವೈದ್ಯರ ಬಳಿಗೆ ಹೋದರೂ ಆ ಚೀಲವು ಸಂಗಡ ಹೋಗಬೇಕು. ಪಂಡಿತರ ಔಷಧವನ್ನು ಹೇಳಿದರೆ ಡಾಕ್ಟರರು ಬೈಯುವರೆಂದು ಅನೇಕರು ಮುಚ್ಚಿಡುತ್ತಾರೆ. ಬೈದರೆ ಬೈಯಲಿ, ಮುಚ್ಚಿಟ್ಟದ್ದರಿಂದ ಪ್ರಾಣಕ್ಕೆ ಕೇಡಾಗುವದಕ್ಕಿಂತ ಅದು ಲೇಸು.

ಎರಡನೆಯದು, ಒಂದು ಹಾಳೆ. ಅದರಲ್ಲಿ ವ್ಯಾಧಿಗಳ ಹೆಸರು, ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಬಳಿಕವೋ, ಯಾವ ಔಷಧದಿಂದ ಮೈಮೇಲೆ ಗಂಧೆ ಎದ್ದಿತ್ತು ಎಂಬದನ್ನೆಲ್ಲಾ ಬರೆಯಿರಿ. ಗುಳಿಗೆಯ ಹಾಳೆಯ ಮೇಲೆ ಕಂಪನಿಯ ಹೆಸರಲ್ಲದೆ ಮೂಲ ಔಷಧದ ಹೆಸರೂ ಅಚ್ಚಾಗಿರುತ್ತದೆ, ಅದನ್ನೇ ಬರೆಯಬೇಕು. ಅಕ್ಷರವು ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮೊಮ್ಮಗಳು ಓದಿ ಬರೆದುಕೊಡುವಳು. ಒಂದೇ ಮೂಲ ಹೆಸರು ಎರಡು ಸಾರಿ ಕಂಡರೆ ವೈದ್ಯರನ್ನು ಕೇಳಿರಿ.

ಮೂರನೆಯದು, ಎಲ್ಲವನ್ನೂ ಬಲ್ಲ ಒಬ್ಬ ವೈದ್ಯರು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು, ಕಣ್ಣಿಗೊಬ್ಬರು ಇರುತ್ತಾರೆ, ಅದು ಅವಶ್ಯವೇ. ಆದರೆ ಎಲ್ಲಾ ಚೀಟಿಗಳನ್ನೂ ಕೂಡಿಸಿ ನೋಡುವವರು ಒಬ್ಬರಿರಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯು ಈ ಕೆಲಸಕ್ಕೆ ತಕ್ಕವರು. ಅಲ್ಲಿಯೇ ಸಕ್ಕರೆ ಒತ್ತಡಗಳ ಸಾಧಾರಣ ಗುಳಿಗೆಗಳು ಉಚಿತವಾಗಿ ಸಿಕ್ಕುತ್ತವೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನವನ್ನೂ ವೇಳೆಯನ್ನೂ ತಿಳಿಸುವಳು.

ನಾಲ್ಕನೆಯದು, ವೈದ್ಯರನ್ನು ಕೇಳತಕ್ಕ ಮೂರು ಪ್ರಶ್ನೆಗಳು: "ಈ ಹೊಸ ಔಷಧವು ಏತಕ್ಕೋಸ್ಕರ? ಹಳೆಯವುಗಳಲ್ಲಿ ಯಾವದನ್ನಾದರೂ ನಿಲ್ಲಿಸಬೇಕೋ? ವಾಂತಿಭೇದಿಯಾಗಿ ಊಟ ಸೇರದ ದಿನ ಯಾವದನ್ನು ತಡೆಯಬೇಕು?" ಮೂರನೆಯ ಪ್ರಶ್ನೆಯನ್ನು ಕಾಯಿಲೆ ಬರುವದಕ್ಕಿಂತ ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಈ ಪಾಠವನ್ನು ಓದಿ ಯಾರೂ ತಮ್ಮಷ್ಟಕ್ಕೆ ತಾವೇ ಒತ್ತಡದ ಗುಳಿಗೆಯನ್ನಾಗಲಿ ಇನ್ಸುಲಿನನ್ನಾಗಲಿ ಬಿಡಬಾರದು. ಬಿಡತಕ್ಕದ್ದು ಯಾವದಂದರೆ, ಯಾರನ್ನೂ ಕೇಳದೆ ಅಂಗಡಿಯಿಂದ ತಂದ ನೋವಿನ ಗುಳಿಗೆಯೇ. ನೋವು ತಾಳಲಾರದಿದ್ದರೆ ನಿಮಗೆ ತಕ್ಕದ್ದು ಯಾವದೆಂದು ವೈದ್ಯರನ್ನು ಕೇಳಿರಿ. ಪ್ಯಾರಾಸಿಟಮಾಲ್ ಮಿತಿಯಲ್ಲಿದ್ದರೆ ಮೂತ್ರಪಿಂಡಕ್ಕೆ ಅಷ್ಟು ಭಾರವಲ್ಲ.

5. ನಮ್ಮ ಸೀಮೆಯಲ್ಲಿ ವಿಶೇಷವಾಗಿ ನೋಡತಕ್ಕವುಗಳು

ಬಿಸಿಲು. ಇನ್ಸುಲಿನ್ ಎಂಬ ಔಷಧವು 1921ರಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಕಂಡುಹಿಡಿಯಲ್ಪಟ್ಟಿತು. 1922ರ ಜನವರಿಯಲ್ಲಿ ಮೊದಲನೆಯ ಸಾರಿ ಹದಿನಾಲ್ಕು ವರುಷದ ಒಬ್ಬ ಹುಡುಗನಿಗೆ ಕೊಡಲ್ಪಟ್ಟಿತು. ಅದಕ್ಕೆ ಮುಂಚೆ ಅಂಥ ಮಕ್ಕಳು ಬದುಕುತ್ತಿರಲಿಲ್ಲ. ಇಷ್ಟು ಅಮೂಲ್ಯವಾದ ಔಷಧವು ಹೆಚ್ಚು ಬಿಸಿಯಲ್ಲಿ ಸತ್ವವನ್ನು ಕಳಕೊಳ್ಳುತ್ತದೆ. ಬಳ್ಳಾರಿಯ ಬೇಸಿಗೆಯು 40 ಡಿಗ್ರಿಯನ್ನು ದಾಟುವದಷ್ಟೆ. ಮನೆಯಲ್ಲಿ ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳನ್ನು ದಿನಕ್ಕೆರಡು ಸಾರಿ ನೆನಸಿ, ಔಷಧದ ಸೀಸೆಯನ್ನು ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿ ಇಡಬೇಕು. ಫ್ರಿಜ್ ಇದ್ದವರು ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟದ್ದೇ.

ಹಸಿವು. ಸಕ್ಕರೆಯ ಗುಳಿಗೆಯನ್ನು ನುಂಗಿ, ರೊಟ್ಟಿ ತಿನ್ನುವದಕ್ಕೆ ಮುಂಚೆಯೇ ಕೂಲಿಗೆ ಹೋದವನಿಗೆ ಹೊತ್ತು ಏರುವಾಗ ಬೆವರು, ನಡುಕ, ಕಣ್ಣುಕತ್ತಲೆ, ತೊದಲುಮಾತು ಬರಬಹುದು. ನೋಡುವವರು ಕುಡಿದಿದ್ದಾನೆಂದು ನಗುತ್ತಾರೆ. ಇದು ರಕ್ತದ ಸಕ್ಕರೆ ಇಳಿದದ್ದರ ಗುರುತು. ಕೂಡಲೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿರಿ. ಕಾಲು ತಾಸಿನಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿರಿ. ಬಳಿಕ ಊಟ ಮಾಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಲ್ಲಿ ಏನೂ ಹಾಕದೆ 108ಕ್ಕೆ ಕರೆಯಬೇಕು. ಹೊಲಕ್ಕೆ ಹೋಗುವವನ ಬುತ್ತಿಗಂಟಿನಲ್ಲಿ ಒಂದು ತುಂಡು ಬೆಲ್ಲವಿರಲಿ.

ಪಾದ. ನರಗಳು ಸತ್ತ ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯದು. ಆದಕಾರಣ ಬರಿಗಾಲಲ್ಲಿ ನಡೆಯಬಾರದು. ರಾತ್ರಿ ಮಲಗುವ ಮುಂಚೆ ಪಾದ ತೊಳೆದು, ಬೆರಳ ಸಂದುಗಳನ್ನು ಒರಸಿ, ದೀಪದ ಬೆಳಕಿನಲ್ಲಿ ಅಂಗಾಲನ್ನು ನೋಡಬೇಕು. ತನಗೆ ಕಾಣದಿದ್ದರೆ ಮಗನೋ ಸೊಸೆಯೋ ನೋಡಲಿ.

6. ಡಯಾಲಿಸಿಸ್ ಮಾಡಿಸಿಕೊಳ್ಳುವವರು

ಮೂತ್ರಪಿಂಡಗಳು ಪೂರ್ಣವಾಗಿ ನಿಂತವರ ರಕ್ತವನ್ನು ಯಂತ್ರದಿಂದ ಸೋಸುವದಕ್ಕೆ ಡಯಾಲಿಸಿಸ್ ಎನ್ನುತ್ತಾರೆ. ಇಂಥ ಯಂತ್ರವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಕಟ್ಟಿದರು. 1960ರಲ್ಲಿ ಅಮೇರಿಕದ ಸಿಯಾಟಲ್ ಪಟ್ಟಣದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬವರು ತೋಳಿನಲ್ಲಿ ನಿಲ್ಲುವ ನಾಳವನ್ನು ಅಳವಡಿಸಿದ ಮೇಲೆ, ವರುಷಗಟ್ಟಲೆ ಈ ಚಿಕಿತ್ಸೆಯಿಂದ ಬದುಕುವದು ಸಾಧ್ಯವಾಯಿತು. ವಾರಕ್ಕೆ ಎರಡು ಅಥವಾ ಮೂರು ಸಾರಿ, ಒಂದೊಂದು ಸಾರಿಗೆ ಸುಮಾರು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗಬೇಕು. ಬಡ ಕುಟುಂಬದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಮಾಡುವ ಯೋಜನೆಯನ್ನು ಕೇಂದ್ರ ಸರಕಾರವು 2016ರಲ್ಲಿ ಆರಂಭಿಸಿತು. ದೊಡ್ಡ ಚಿಕಿತ್ಸೆಗೆ ಬೇಕಾಗುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಚೀಟಿಯನ್ನು, ಪಡಿತರ ಚೀಟಿಯನ್ನೂ ಆಧಾರವನ್ನೂ ತೋರಿಸಿ, ಕಷ್ಟ ಬರುವದಕ್ಕಿಂತ ಮುಂಚೆಯೇ ಮಾಡಿಸಿಟ್ಟುಕೊಳ್ಳಿರಿ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ನಮ್ಮ ಜನರು ವಿಮ್ಸ್ ಎಂದೇ ಬಲ್ಲರು. ಈ ಸೀಮೆಯ ಕಠಿಣ ರೋಗಿಗಳು ಬಹಳವಾಗಿ ಹೋಗುವದು ಅಲ್ಲಿಗೇ.

ರೋಗಿಯನ್ನು ನೋಡಲು ಹೋಗುವವರಿಗೆ ಒಂದು ಮಾತು. ಎಳನೀರನ್ನೂ ಬಾಳೆಹಣ್ಣನ್ನೂ ಕೈಯಲ್ಲಿ ಹಿಡಿದು ಹೋಗುವದು ನಮ್ಮಲ್ಲಿ ಪ್ರೀತಿಯ ಗುರುತು. ಆದರೆ ಇವುಗಳಲ್ಲಿ ಪೊಟ್ಯಾಸಿಯಂ ಎಂಬ ಉಪ್ಪು ಬಹಳವಾಗಿದೆ. ಮೂತ್ರಪಿಂಡ ನಿಂತವರು ಅದನ್ನು ಹೊರಗೆ ಹಾಕಲಾರರು; ಅದು ರಕ್ತದಲ್ಲಿ ಹೆಚ್ಚಿದರೆ ಹೃದಯವೇ ನಿಂತುಹೋಗಬಹುದು. ಅವರಿಗೆ ನೀರಿಗೂ ಅಳತೆಯುಂಟು. "ಇನ್ನೊಂದು ಲೋಟ ಕುಡಿಯಿರಿ" ಎಂದು ಬಲವಂತ ಮಾಡಬಾರದು. ಯಂತ್ರಕ್ಕೆಂದು ನಾಳ ಜೋಡಿಸಿದ ಕೈಗೆ ಸೂಜಿ ಚುಚ್ಚಿಸಬಾರದು, ಒತ್ತಡ ನೋಡಿಸಬಾರದು, ಆ ಕೈಯಿಂದ ಕೊಡ ಎತ್ತಿಸಬಾರದು. ಪ್ರೀತಿಯನ್ನು ತೋರಿಸಬೇಕಾದರೆ ಬಸ್ಸಿನ ಖರ್ಚನ್ನು ಕೊಡಿರಿ. ಅಥವಾ ಆ ದಿನ ಅವರ ಎಮ್ಮೆಗೆ ಮೇವು ಹಾಕಿರಿ.

ಹೀಗೆ ಯಂತ್ರಕ್ಕೆ ಕಟ್ಟುಬಿದ್ದ ಬಾಳು ಬಾಳಲ್ಲವೆಂದು ಕೆಲವರು ಮನಗುಂದುತ್ತಾರೆ. ಜಯಪ್ರಕಾಶ ನಾರಾಯಣರು 1975ರಲ್ಲಿ ತುರ್ತು ಪರಿಸ್ಥಿತಿಯ ಸೆರೆಯಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. ಆ ವರುಷದ ನವೆಂಬರಿನಲ್ಲಿ ಬಿಡುಗಡೆಯಾದ ಬಳಿಕ ಅವರು ಡಯಾಲಿಸಿಸ್‌ನಿಂದಲೇ ಬದುಕಿದರು. ಆ ಸ್ಥಿತಿಯಲ್ಲಿಯೇ 1977ರ ಚುನಾವಣೆಯಲ್ಲಿ ವಿರೋಧ ಪಕ್ಷಗಳನ್ನು ಒಂದುಗೂಡಿಸಿ, ಸಭೆಗಳಲ್ಲಿ ಮಾತಾಡಿ, ದೇಶದ ಸರಕಾರವು ಬದಲಾಗುವದನ್ನು ಕಂಡರು. 1979ರ ಅಕ್ಟೋಬರ್ 8ರ ವರೆಗೆ ಬದುಕಿದರು. ನಮ್ಮೆಲ್ಲರಿಗೂ ಅಂಥ ದೊಡ್ಡ ಕೆಲಸವಿಲ್ಲದಿರಬಹುದು. ಆದರೆ ಮಂಚದ ಮೇಲೆ ಕುಳಿತು ಶೇಂಗಾ ಬಿಡಿಸುವ ಅಜ್ಜಿಯೂ, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಅಜ್ಜನೂ ಮನೆಗೆ ಬೇಕಾದವರೇ. ರೋಗಿಯ ಕೈಯಿಂದ ಎಲ್ಲಾ ಕೆಲಸವನ್ನೂ ಕಿತ್ತುಕೊಳ್ಳುವದು ದಯೆಯಲ್ಲ.

7. ಮನೆಯವರೂ ನೆರೆಯವರೂ

ಈ ವ್ಯಾಧಿಗಳು ಒಬ್ಬರ ಶರೀರದಲ್ಲಿದ್ದರೂ ಮನೆಯೆಲ್ಲಾ ಅವುಗಳನ್ನು ಹೊರುತ್ತದೆ. ಬಳ್ಳಾರಿಗೆ ರೋಗಿಯನ್ನು ಕರಕೊಂಡು ಹೋಗುವವನು ಒಂದು ದಿನದ ಕೂಲಿಯನ್ನು ಕಳಕೊಳ್ಳುತ್ತಾನೆ. ತಿಂಗಳಿಗೆ ಎಂಟು ಸಾರಿಯಾದರೆ ಎಂಟು ದಿನದ ಕೂಲಿ ಹೋಯಿತು. ಸಾಲವು ಔಷಧದ ಅಂಗಡಿಯಲ್ಲಿ ಮಾತ್ರವೇ ಹುಟ್ಟುವದಿಲ್ಲ, ಹೀಗೆಯೂ ಹುಟ್ಟುತ್ತದೆ. ಹೆಚ್ಚಾಗಿ ಮನೆಯ ಸೊಸೆಯೇ ಎಲ್ಲವನ್ನೂ ಮಾಡುತ್ತಾಳೆ, ಮತ್ತು ಆಕೆಯನ್ನು ಯಾರೂ ವಿಚಾರಿಸುವದಿಲ್ಲ. ಆದಕಾರಣ ಊರಿನ ನಾಲ್ಕು ಮನೆಯವರು ಸರದಿ ಮಾಡಿಕೊಂಡು ರೋಗಿಯ ಸಂಗಡ ಹೋದರೆ ಒಂದು ಮನೆಯು ಸಾಲದಿಂದ ಉಳಿಯುವದು.

ಮತ್ತೂ ಒಂದು ಮಾತನ್ನು ಹೇಳದೆ ಇರಲಾರೆವು. ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ಗುಳಿಗೆಯನ್ನು ನುಂಗಿದರೆ ಅದು ಅವಿಶ್ವಾಸವೆಂದು ನಮ್ಮಲ್ಲಿ ಕೆಲವರು ಹೇಳಿ, ದುರ್ಬಲರ ಔಷಧವನ್ನು ನಿಲ್ಲಿಸುತ್ತಾರೆ. ತಿಮೊಥೆಯನಿಗೆ ಪದೇ ಪದೇ ಅಸ್ವಸ್ಥವಾಗುತ್ತಿದ್ದಾಗ ಪೌಲನು ಅವನನ್ನು ಅವಿಶ್ವಾಸಿಯೆಂದು ಗದರಿಸಲಿಲ್ಲ. ಆ ಕಾಲದಲ್ಲಿ ತಿಳಿದಿದ್ದ ಉಪಚಾರವನ್ನು ಮಾಡಿಕೊಳ್ಳೆಂದು ಬರೆದನು. ಪೌಲನ ಸಂಗಡ ಇದ್ದ ಲೂಕನು ವೈದ್ಯನು. ಪ್ರಾರ್ಥನೆಯೂ ಔಷಧವೂ ಒಂದೇ ಮನೆಯಲ್ಲಿ ಇರಬಹುದು. ಇನ್ಸುಲಿನನ್ನು ನಿಲ್ಲಿಸಿದ ಮನೆಯಲ್ಲಿ ಮಾತ್ರ ಕೆಲವು ದಿನಗಳಲ್ಲಿ ದುಃಖವು ಬರಬಹುದು.

ಕಡೆಯದಾಗಿ, ರೋಗಿಗೆ ಬೇಸರ ಬರುವದು ಸಹಜವೇ. ದಿನಕ್ಕೆ ಹತ್ತು ಗುಳಿಗೆ, ವಾರಕ್ಕೆ ಎರಡು ಪ್ರಯಾಣ, ಉಪ್ಪಿಲ್ಲದ ಸಾರು, ಮಂಡಕ್ಕಿ ಮಿರ್ಚಿಯ ಅಂಗಡಿಯ ಮುಂದೆ ಬಾಯಿ ಕಟ್ಟಿಕೊಂಡು ಹೋಗುವದು, ಇದನ್ನೆಲ್ಲಾ ವರುಷಗಟ್ಟಲೆ ತಾಳುವವರನ್ನು ನಾವು ಹಗುರವಾಗಿ ಎಣಿಸಬಾರದು. "ನುಂಗಿ ನುಂಗಿ ಸಾಕಾಯಿತಪ್ಪಾ" ಎಂದು ತಾಯಿ ಹೇಳಿದರೆ ಬುದ್ಧಿ ಹೇಳುವದಕ್ಕೆ ಮುಂಚೆ ಪಕ್ಕದಲ್ಲಿ ಕುಳಿತು ಕೇಳಿರಿ. ಆಮೇಲೆ ಚೀಲವನ್ನು ಬಿಚ್ಚಿ, ಹಾಳೆಯನ್ನು ನೋಡಿ, ಮುಂದಿನ ಸಾರಿ ವೈದ್ಯರನ್ನು ಕೇಳಿರಿ: "ಇವುಗಳಲ್ಲಿ ಯಾವದನ್ನಾದರೂ ಕಡಿಮೆ ಮಾಡಬಹುದೋ?" ಎಷ್ಟೋ ಸಾರಿ ಕಡಿಮೆ ಮಾಡಬಹುದು. ಕೇಳಿದವರಿಗೇ ಅದು ತಿಳಿಯುತ್ತದೆ.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿದ್ದರೂ ಗುಳಿಗೆಯನ್ನು ಯಾಕೆ ಬಿಡಬಾರದು?
2. ಕಾಲುವೆ, ಒಳತೂಬು, ಹೊರತೂಬುಗಳ ದೃಷ್ಟಾಂತದಿಂದ ನೋವಿನ ಗುಳಿಗೆಯ ಅಪಾಯವನ್ನು ವಿವರಿಸಿರಿ.
3. ನಿಮ್ಮ ಮನೆಯ ಔಷಧಗಳೆಲ್ಲಾ ಒಂದೇ ಚೀಲದಲ್ಲಿ ಇವೆಯೋ? ಹಾಳೆಯನ್ನು ಯಾರು ಬರೆಯುವರು?
4. ಕೂಲಿಯ ಹೊತ್ತಿನಲ್ಲಿ ಒಬ್ಬನು ಬೆವತು ತೊದಲಿದರೆ ಮೊದಲು ಏನು ಮಾಡುವಿರಿ? ಎಚ್ಚರ ತಪ್ಪಿದ್ದರೆ ಏನು ಮಾಡಬಾರದು?
5. ನಿಮ್ಮ ಓಣಿಯಲ್ಲಿ ಪದೇ ಪದೇ ಆಸ್ಪತ್ರೆಗೆ ಹೋಗುವವರು ಯಾರು? ಮುಂದಿನ ಸಾರಿ ಅವರ ಸಂಗಡ ಯಾರು ಹೋಗುವರು?